ಒಂದು ರಾಗ ಕೇಳೋದು ಹೇಗೆ? ಹಿಂದೂಸ್ತಾನಿ ಸಂಗೀತಕ್ಕೆ ಹೊಸಬರಾದ ನಮ್ಮಂಥವರಿಗೆ ಮೊದಲ ಪಾಠ

"ಕ್ಲಾಸಿಕಲ್ ಚೆನ್ನಾಗಿರತ್ತೆ ಮಗಾ, ಆದ್ರೆ ನಂಗೆ ಅರ್ಥ ಆಗಲ್ಲ." ನಮ್ಮ ಹಾಸ್ಟೆಲ್‌ನಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಯೂಟ್ಯೂಬ್‌ನಲ್ಲಿ ಭೀಮಸೇನ ಜೋಶಿ ಅಂತ ಹುಡುಕ್ತೀವಿ. ಮುಕ್ಕಾಲು ಗಂಟೆಯ ಒಂದು ವಿಡಿಯೋ ಸಿಗತ್ತೆ. ಎರಡು ನಿಮಿಷ ಕಳೆದರೂ ಅವರು ಇನ್ನೂ ಒಂದೆರಡು ಸ್ವರಗಳ ಸುತ್ತಲೇ ಓಡಾಡ್ತಾ ಇರ್ತಾರೆ. ಅಷ್ಟರಲ್ಲಿ ನಮ್ಮ ಬೆರಳು ತಾನಾಗೇ ಮುಂದಿನ ವಿಡಿಯೋಗೆ ಹೋಗಿರತ್ತೆ.

ಇದಕ್ಕೆ ಕಿವಿ ಸರಿಯಿಲ್ಲ, ಸಂಸ್ಕಾರ ಇಲ್ಲ ಅಂತೆಲ್ಲ ತಲೆ ಕೆಡಿಸ್ಕೋಬೇಡಿ. ಎಲ್ಬಿಡಬ್ಲ್ಯೂ ಅಂದ್ರೇನು ಅಂತ ಗೊತ್ತಿಲ್ಲದವರನ್ನ ಟೆಸ್ಟ್ ಮ್ಯಾಚ್ ಮುಂದೆ ಕೂರಿಸಿದರೆ ಅವರಿಗೂ ನಿದ್ದೆ ಬರತ್ತೆ. ಏನನ್ನು ನೋಡಬೇಕು ಅಂತ ಯಾರಾದ್ರೂ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳಿದರೆ ಅದೇ ಮ್ಯಾಚ್ ಬೇರೆ ಥರ ಕಾಣತ್ತೆ. ಈ ಲೇಖನ ಆ ನಾಲ್ಕು ಮಾತು. ನಾನು ಹಾಡೋನಲ್ಲ, ಸಂಗೀತ ಕಲಿತೋನೂ ಅಲ್ಲ. ಶಾಲೆಯಲ್ಲಿ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದ್ದರಿಂದ ನಮ್ಮ ಸಿಲಬಸ್ಸಿನ ಭಾಷೆಯಲ್ಲೇ ಹೇಳ್ತೀನಿ, ಸಹಿಸ್ಕೊಳ್ಳಿ.

ಕನ್ನಡ ಸಂಘದ ಪತ್ರಿಕೆಯಲ್ಲಿ ಹಿಂದೂಸ್ತಾನಿ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಸಿಂಪಲ್. ಭೀಮಸೇನ ಜೋಶಿ ಹುಟ್ಟಿದ್ದು ಗದಗ ಹತ್ತಿರದ ರೋಣದಲ್ಲಿ. ಅವರ ಗುರು ಸವಾಯಿ ಗಂಧರ್ವರು ಕುಂದಗೋಳದವರು. ಮಲ್ಲಿಕಾರ್ಜುನ ಮನ್ಸೂರರದು ಧಾರವಾಡದ ಪಕ್ಕದ ಮನ್ಸೂರು. ಕುಮಾರ ಗಂಧರ್ವರದು ಬೆಳಗಾವಿ ಹತ್ತಿರದ ಸುಳೇಭಾವಿ. ಕಾರಿನಲ್ಲಿ ಹೊರಟರೆ ಒಂದೇ ದಿನದಲ್ಲಿ ನಾಲ್ಕೂ ಊರು ಮುಟ್ಟಿ ಬರಬಹುದು. ಆಗ ಈ ಊರುಗಳಲ್ಲಿ ಹೆಚ್ಚಿನವು ಮುಂಬಯಿ ಪ್ರಾಂತದ ಕಡೆ ಸೇರಿದ್ದವು, ಮರಾಠಿ ನಾಟಕ ಕಂಪನಿಗಳು ಇಲ್ಲಿ ಓಡಾಡ್ತಿದ್ದವು. ಮೈಸೂರು ಅರಮನೆಗೆ ಹಾಡಲು ಹೋಗ್ತಿದ್ದ ಉಸ್ತಾದರು ದಾರಿಯಲ್ಲಿ ಧಾರವಾಡದಲ್ಲಿ ಇಳಿದು ಪಾಠ ಹೇಳ್ತಿದ್ದರು. ಇಡೀ ದೇಶ ಕೇಳುವ ಸಂಗೀತ ನಮ್ಮ ಬಸ್ ಸ್ಟಾಂಡಿನ ಬೋರ್ಡಿನಲ್ಲಿರುವ ಊರುಗಳಿಂದ ಬಂದಿದೆ. ಅದನ್ನ ನಾವೇ ಎರಡು ನಿಮಿಷಕ್ಕೆ ಬಿಟ್ಟು ಹೋದರೆ ನಷ್ಟ ನಮಗೇ.

ಪಾಠ 1: ಮೂರು ನಿಮಿಷದಿಂದ ಶುರು ಮಾಡಿ

ಒಂದು ಗಂಟೆಯ ರೆಕಾರ್ಡಿಂಗ್ ಬೇಡ. ಮೊದಲು ಹಳೇ 78 ಆರ್‌ಪಿಎಂ ತಟ್ಟೆಗಳನ್ನ ಕೇಳಿ. ಈಗ ಅವೆಲ್ಲ ಆನ್‌ಲೈನ್‌ನಲ್ಲಿ ಸಿಗತ್ತೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಯೋದು ಸುಮಾರು ಮೂರು ನಿಮಿಷ ಅಷ್ಟೇ. ಗಂಟೆಗಟ್ಟಲೆ ಹಾಡುವವರು ಅಷ್ಟರೊಳಗೆ ರಾಗದ ಮುಖ, ಹಾಡಿನ ಎರಡು ಭಾಗ, ನಾಲ್ಕು ತಾನು ಎಲ್ಲ ತೋರಿಸಿ ಮುಗಿಸಬೇಕಿತ್ತು. ಹಾಗಾಗಿ ಇದರಲ್ಲಿ ಒಂದು ಸೆಕೆಂಡೂ ಖಾಲಿ ಇರಲ್ಲ.

ಭಾರತದಲ್ಲಿ ಈ ಕೆಲಸ ಶುರುವಾಗಿದ್ದು 1902ರಲ್ಲಿ, ಕಲ್ಕತ್ತದಲ್ಲಿ. ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ಆ ತಟ್ಟೆಗಳನ್ನ ಕೇಳಿದರೆ ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳೋದು ಕೇಳಿಸತ್ತೆ. ಅದು ಜಂಬಕ್ಕೆ ಹೇಳಿದ್ದಲ್ಲ. ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರ್‌ನಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದು ಅಂತ ಗೊತ್ತಾಗಬೇಕಲ್ಲ! ನಾವು ಫೈಲಿಗೆ ಹೆಸರು ಕೊಡೋ ಹಾಗೆ ಅವರು ಧ್ವನಿಯಲ್ಲೇ ಹೆಸರು ಸೇರಿಸಿದ್ದಾರೆ. ಇದೇ ಗೌಹರ್ ಜಾನ್ ಕೊನೆಯ ದಿನಗಳನ್ನ ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಅವರ ನಂತರ ಅಬ್ದುಲ್ ಕರೀಮ್ ಖಾನರ ತಟ್ಟೆಗಳಿಗೆ ಬನ್ನಿ. ಕಿರಾನಾ ಘರಾಣೆಯ ಈ ಉಸ್ತಾದರು ಸವಾಯಿ ಗಂಧರ್ವರ ಗುರು, 1937ರಲ್ಲಿ ತೀರಿಕೊಂಡವರು. ಇವರು ಜಿಂಝೋಟಿ ರಾಗದಲ್ಲಿ ಹಾಡಿದ ಒಂದು ಠುಮ್ರಿಯ ರೆಕಾರ್ಡ್ ಕೇಳಿ ಗದಗದ ಒಬ್ಬ ಹುಡುಗನಿಗೆ ಹೀಗೇ ಹಾಡಬೇಕು ಅನ್ನಿಸಿತು. ಗುರುವನ್ನ ಹುಡುಕಿಕೊಂಡು ಹನ್ನೊಂದರ ಸುಮಾರಿನ ವಯಸ್ಸಿಗೇ ಮನೆ ಬಿಟ್ಟು ರೈಲು ಹತ್ತಿದ ಆ ಹುಡುಗ ಭೀಮಸೇನ ಜೋಶಿ. ಮುಂದೆ ಭಾರತ ರತ್ನದವರೆಗೂ ಹೋದ ದಾರಿ ಶುರುವಾಗಿದ್ದು ಮೂರು ನಿಮಿಷದ ತಟ್ಟೆಯಿಂದ.

ಮಾಡಬೇಕಾದ್ದು ಇಷ್ಟು: ಒಂದು ತಟ್ಟೆ ಆರಿಸಿ, ಒಂದೇ ದಿನದಲ್ಲಿ ಮೂರು ಸಲ ಕೇಳಿ. ಮೊದಲ ಸಲ ಬರೀ ಗರಗರ ಸದ್ದು ಕೇಳಿಸತ್ತೆ. ಎರಡನೇ ಸಲ ದನಿ ಮುಂದೆ ಬರತ್ತೆ. ಮೂರನೇ ಸಲಕ್ಕೆ ಗರಗರ ಮಾಯ. ನಮ್ಮ ಕಿವಿಗಿಂತ ಒಳ್ಳೇ ಫಿಲ್ಟರ್ ಇನ್ನೂ ಯಾರೂ ಡಿಸೈನ್ ಮಾಡಿಲ್ಲ.

ಪಾಠ 2: 'ಸಾ' ಎಲ್ಲಿದೆ?

ಯಾವ ಕಚೇರಿಯೇ ಇರಲಿ, ಹಿಂದೆ ತಂಬೂರಿ ಮೀಟ್ತಾ ಇರತ್ತೆ. ಅದು ಅಲಂಕಾರಕ್ಕೆ ಇಟ್ಟಿದ್ದಲ್ಲ, ರೆಫರೆನ್ಸ್ ಸಿಗ್ನಲ್. ನಾಲ್ಕು ತಂತಿಗಳಲ್ಲಿ ಸಾಮಾನ್ಯವಾಗಿ ಮೊದಲನೆಯದು 'ಪ', ಮಧ್ಯದ ಎರಡು 'ಸಾ', ಕೊನೆಯದು ಕೆಳಗಿನ ಸಪ್ತಕದ 'ಸಾ', ಅಂದರೆ ಖರ್ಜ. ಗಾಯಕ ಹಾಡುವ ಪ್ರತಿಯೊಂದು ಸ್ವರವನ್ನೂ ನಾವು ಅಳೆಯೋದು ಈ 'ಸಾ'ದಿಂದ ಎಷ್ಟು ದೂರ ಅಂತ. ಪಾಶ್ಚಾತ್ಯ ಪದ್ಧತಿಯ ಹಾಗೆ 'ಸಾ'ಗೆ ನಿಗದಿಯಾದ ಹರ್ಟ್ಸ್ ಇಲ್ಲ. ಹಾಡುವವರು ತಮ್ಮ ದನಿಗೆ ಹೊಂದುವ ಜಾಗದಲ್ಲಿ ಇಟ್ಟುಕೊಳ್ತಾರೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ 'ಸಫೇದ್ ಏಕ್', 'ಕಾಲಿ ಏಕ್' ಅಂತ ಹೇಳೋದು ಇದನ್ನೇ. ಸಫೇದ್ ಏಕ್ ಅಂದ್ರೆ ಮೊದಲ ಬಿಳಿ ಮನೆ, ಕಾಲಿ ಏಕ್ ಅಂದ್ರೆ ಮೊದಲ ಕಪ್ಪು ಮನೆ.

ಇಲ್ಲಿ ನಮ್ಮ ಫಿಸಿಕ್ಸಿಗೆ ಒಂದು ಒಳ್ಳೇ ಕತೆ ಇದೆ. ಒಂದು ತಂತಿಯನ್ನ ಎಲ್ಲಿ ಮೀಟ್ತೀವೋ ಆ ಜಾಗದಲ್ಲಿ ಯಾವ ಹಾರ್ಮೋನಿಕ್‌ಗೆ ನೋಡ್ ಇದೆಯೋ ಆ ಹಾರ್ಮೋನಿಕ್ ಹುಟ್ಟಬಾರದು ಅಂತ ಪುಸ್ತಕದ ನಿಯಮ. ತಂಬೂರಿ ಈ ನಿಯಮ ಪಾಲಿಸಲ್ಲ ಅಂತ 1921ರಲ್ಲೇ ಬರೆದವರು ಸಿ. ವಿ. ರಾಮನ್. ಕಾರಣ ಅದರ ಕುದುರೆ. ಅದು ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ತಂತಿಯ ಕೆಳಗೆ ಒಂದು ನೂಲಿನ ಎಳೆ ಬೇರೆ ಸಿಕ್ಕಿಸ್ತಾರೆ. ತಂತಿ ಅದುರುವಾಗ ಆ ಬಾಗಿದ ಮೈಯನ್ನ ಮತ್ತೆ ಮತ್ತೆ ತಾಕತ್ತೆ, ಅದರಿಂದ ಮೇಲಿನ ಹಾರ್ಮೋನಿಕ್‌ಗಳೆಲ್ಲ ಜೀವ ಪಡೆಯತ್ತೆ. ಆ ಝೇಂಕಾರಕ್ಕೆ 'ಜವಾರಿ' ಅಂತಾರೆ. ನಮ್ಮ ಉತ್ತರ ಕರ್ನಾಟಕದ ಗೆಳೆಯರಿಗೆ ಜವಾರಿ ಅಂದ್ರೆ ಬೇರೆ ನೆನಪಾಗತ್ತೆ, ಇರಲಿ. ಎರಡೂ ರುಚಿಯೇ.

ಅಭ್ಯಾಸ: ರೆಕಾರ್ಡಿಂಗ್ ಶುರುವಾದ ಕೂಡಲೇ ಗಾಯಕರನ್ನ ಬಿಟ್ಟು ಒಂದು ನಿಮಿಷ ಬರೀ ತಂಬೂರಿ ಕೇಳಿ. ಮನಸ್ಸಿನಲ್ಲಿ, ರೂಂಮೇಟ್ ಇಲ್ಲದಿದ್ರೆ ಬಾಯಿಬಿಟ್ಟೇ, 'ಸಾ' ಹಿಡಿದು ನಿಲ್ಲಿ. ಆಮೇಲೆ ಗಾಯಕರು ಯಾವಾಗ ಈ 'ಸಾ'ಗೆ ವಾಪಸ್ ಬರ್ತಾರೆ ಅಂತ ಕಾಯಿರಿ. ಬಂದಾಗ ಮನೆ ಸೇರಿದ ಹಾಗೆ ಅನ್ನಿಸಿದರೆ ಅರ್ಧ ಕೆಲಸ ಆಯ್ತು. ಒಂದು ಎಚ್ಚರಿಕೆ: ಫೋನ್ ಮತ್ತು ಲ್ಯಾಪ್‌ಟಾಪ್ ಸ್ಪೀಕರ್‌ಗಳು ಕೆಳಗಿನ ಫ್ರೀಕ್ವೆನ್ಸಿಗಳನ್ನ ಸರಿಯಾಗಿ ನುಡಿಸಲ್ಲ. ಖರ್ಜವೂ ಹೋಗತ್ತೆ, ತಬಲಾದ ಎಡಗೈ ಗುಂಗೂ ಹೋಗತ್ತೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು, ಹಾಕ್ಕೊಳ್ಳಿ.

ಪಾಠ 3: ರಾಗ ಅಂದ್ರೆ ಬರೀ ಸ್ವರಗಳ ಪಟ್ಟಿಯಾ?

ಗೂಗಲ್ ಮಾಡಿದರೆ ಭೂಪ್ ರಾಗ ಅಂದ್ರೆ ಸ, ರಿ, ಗ, ಪ, ಧ ಅಂತ ಬರತ್ತೆ. ಕರ್ನಾಟಕ ಸಂಗೀತದ ಮೋಹನಕ್ಕೂ ಇದೇ ಐದು. ದೇಶ್‌ಕಾರ್ ಅನ್ನೋ ಇನ್ನೊಂದು ಹಿಂದೂಸ್ತಾನಿ ರಾಗಕ್ಕೂ ಇದೇ ಐದು. ಹಾಗಾದ್ರೆ ವ್ಯತ್ಯಾಸ ಎಲ್ಲಿ?

ವ್ಯತ್ಯಾಸ ಇರೋದು ತೂಕದಲ್ಲಿ. ಭೂಪ್‌ನಲ್ಲಿ ಓಡಾಟ ಹೆಚ್ಚಾಗಿ ಸಪ್ತಕದ ಕೆಳಭಾಗದಲ್ಲಿ, ನಿಲ್ಲೋದು ಗಾಂಧಾರದ ಮೇಲೆ. ಅದು ಸಂಜೆ ಕಳೆದ ಮೇಲಿನ ರಾಗ, ಶಾಂತ. ದೇಶ್‌ಕಾರ್‌ನಲ್ಲಿ ಧೈವತಕ್ಕೆ ಪಟ್ಟ, ಓಡಾಟ ಮೇಲ್ಭಾಗದಲ್ಲಿ. ಅದು ಬೆಳಗಿನ ರಾಗ, ಚುರುಕು. ಒಂದೇ ಐದು ಅಕ್ಷರಗಳಿಂದ ಬೇರೆ ಬೇರೆ ಪದ ಮಾಡಿದ ಹಾಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆಟ್ ಒಂದೇ, ಆದರೆ ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗಬಹುದು, ಎಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಅನ್ನೋ ನಿಯಮಗಳು ಬೇರೆ.

ಇನ್ನೂ ಗಟ್ಟಿ ಉದಾಹರಣೆ ಬೇಕಂದ್ರೆ ಮಾರ್ವಾ, ಪೂರಿಯಾ, ಸೋಹನಿ ಅನ್ನೋ ಮೂರು ರಾಗಗಳು. ಮೂರರಲ್ಲೂ ಪಂಚಮ ಇಲ್ಲ. ಕೋಮಲ ರಿಷಭ, ತೀವ್ರ ಮಧ್ಯಮ ಮೂರಕ್ಕೂ ಸಮಾನ. ಮಾರ್ವಾದಲ್ಲಿ ರಿಷಭ-ಧೈವತ ಆಳ್ವಿಕೆ. 'ಸಾ'ವನ್ನೇ ತಪ್ಪಿಸಿ ತಪ್ಪಿಸಿ ಸುತ್ತುತ್ತಾರೆ, ಕೇಳುವವರಿಗೆ ಮನೆ ಕಂಡರೂ ಬಾಗಿಲು ಸಿಗದ ಚಡಪಡಿಕೆ. ಪೂರಿಯಾ ಮಂದ್ರಕ್ಕೆ ಇಳಿದು ಗಾಂಧಾರ-ನಿಷಾದಗಳಲ್ಲಿ ನೆಲೆಸತ್ತೆ, ಗಂಭೀರ. ಸೋಹನಿ ಮೇಲಿನ ಷಡ್ಜದ ಸುತ್ತ ಹಾರಾಡತ್ತೆ. ಉಸ್ತಾದ್ ಅಮೀರ್ ಖಾನರ ಮಾರ್ವಾ ಎಲ್‌ಪಿ ಮತ್ತು ಭೀಮಸೇನ ಜೋಶಿ ಅವರ ಪೂರಿಯಾ, ಎರಡನ್ನೂ ಒಂದೇ ಸಂಜೆ ಹತ್ತತ್ತು ನಿಮಿಷ ಕೇಳಿ. ಸ್ವರಗಳ ಹೆಸರು ಒಂದೂ ಗೊತ್ತಿಲ್ಲದಿದ್ದರೂ ಇವೆರಡು ಒಂದೇ ಅಲ್ಲ ಅಂತ ನಿಮಗೇ ಹೊಳೆಯತ್ತೆ. ಮಾರ್ವಾ ಕೇಳುವಾಗ ತಂಬೂರಿಯ ಕಡೆನೂ ಒಂದು ಕಿವಿ ಇಡಿ. ರಾಗದಲ್ಲಿ 'ಪ' ಇಲ್ಲದ ಕಾರಣ ಮೊದಲ ತಂತಿಯನ್ನ ಬೇರೆ ಸ್ವರಕ್ಕೆ, ಸಾಮಾನ್ಯವಾಗಿ ನಿಷಾದಕ್ಕೆ, ಕೂಡಿಸಿರ್ತಾರೆ.

ಪಾಠ 4: ತಾಳ, ಅಂದರೆ ಮಾಡ್ಯುಲೋ 16

ತೀನ್‌ತಾಲ್‌ನಲ್ಲಿ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಏಕ್‌ತಾಲ್ 12. ಝಪ್‌ತಾಲ್ 10, ಅದು 2, 3, 2, 3 ಅಂತ ಒಡೆಯತ್ತೆ. ರೂಪಕ್ 7. ಎಲ್ಲ ಮುಗಿದು ಮತ್ತೆ ಒಂದಕ್ಕೆ ಬರೋ ಜಾಗದ ಹೆಸರು 'ಸಮ್'. ಗಾಯಕ ಎಲ್ಲೆಲ್ಲೋ ಅಲೆದು, ಲೆಕ್ಕ ತಪ್ಪಿತೇನೋ ಅಂತ ನಮಗೆ ಅನ್ನಿಸುವಾಗ ಸರಿಯಾಗಿ ಸಮ್‌ಗೆ ಬಂದು ಇಳಿಯೋದೇ ಈ ಆಟದ ಮಜಾ. ಸಭೆಯಲ್ಲಿ ಎಲ್ಲರ ತಲೆ ಒಟ್ಟಿಗೆ ಅಲ್ಲಾಡೋದು, 'ವಾಹ್' ಬರೋದು ಹೆಚ್ಚಾಗಿ ಅಲ್ಲೇ.

ಎಣಿಸದೇ ಸಮ್ ಹುಡುಕೋಕೆ ಒಂದು ಉಪಾಯ. ತಬಲಾದ ಎಡಗೈ, ಅಂದ್ರೆ ಡಗ್ಗಾದ ಗುಂಗು ಕೇಳಿ. ತೀನ್‌ತಾಲ್‌ನಲ್ಲಿ ಎಂಟು ಮಾತ್ರೆ ಅದು ತುಂಬಿಕೊಂಡು ಬರತ್ತೆ. ಆಮೇಲೆ 'ಖಾಲಿ' ಭಾಗ. ಹತ್ತರಿಂದ ಹದಿಮೂರನೇ ಮಾತ್ರೆಯವರೆಗೆ ಗುಂಗು ಪೂರ್ತಿ ನಿಂತು ಬರೀ ಬಲಗೈ ಒಣ ಸದ್ದು ಕೇಳಿಸತ್ತೆ. ಹದಿನಾಲ್ಕಕ್ಕೆ ಗುಂಗು ವಾಪಸ್. ಅಂದರೆ ಇನ್ನು ಮೂರೇ ಹೆಜ್ಜೆಗೆ ಸಮ್. ಮೊದಲು ಮಧ್ಯಲಯದ ಸಿತಾರ್ ಅಥವಾ ಹಾರ್ಮೋನಿಯಂ ರೆಕಾರ್ಡಿಂಗ್‌ನಲ್ಲಿ ಇದನ್ನ ಹುಡುಕಿ. ಹತ್ತು ನಿಮಿಷದಲ್ಲಿ ಕೈ ತಾನಾಗೇ ತೊಡೆ ತಟ್ಟತ್ತೆ.

ವಿಲಂಬಿತ್ ಖಯಾಲಿನಲ್ಲಿ ಇದು ಕಷ್ಟ. ಅಲ್ಲಿ ಏಕ್‌ತಾಲ್‌ನ ಒಂದೊಂದು ಮಾತ್ರೆಯೇ ನಾಲ್ಕೈದು ಸೆಕೆಂಡ್ ಎಳೆಯಬಹುದು. ಒಂದು ಸುತ್ತು ಮುಗಿಯೋಕೆ ಹೆಚ್ಚು ಕಡಿಮೆ ಒಂದು ನಿಮಿಷ. ಅಲ್ಲಿ ಎಣಿಸೋಕೆ ಹೋಗಬೇಡಿ. ಹಾಡಿನ ಮೊದಲ ಸಾಲಿನ ತುಂಡು, ಅದಕ್ಕೆ 'ಮುಖಡಾ' ಅಂತಾರೆ, ಮತ್ತೆ ಬಂತು ಅಂದ್ರೆ ಸಮ್ ಬಂತು ಅಂತ ತಿಳ್ಕೊಳ್ಳಿ.

ತಬಲಾದ ಬಗ್ಗೆ ಹೇಳದೇ ಮುಂದೆ ಹೋಗೋಕೆ ಮನಸ್ಸು ಬರ್ತಿಲ್ಲ. ಎಳೆದು ಕಟ್ಟಿದ ಸಾದಾ ಚರ್ಮಕ್ಕೆ ಸ್ಪಷ್ಟ ಶ್ರುತಿ ಇರಲ್ಲ. ವೃತ್ತಾಕಾರದ ಮೆಂಬ್ರೇನ್‌ನ ಮೋಡ್‌ಗಳ ಅನುಪಾತ 1, 1.59, 2.14 ಹೀಗೆ ಹೋಗತ್ತೆ, ಪೂರ್ಣಸಂಖ್ಯೆಗಳೇ ಅಲ್ಲ. ತಬಲಾದ ನಡುವಿನ ಆ ಕಪ್ಪು ಶಾಯಿ ಅಲ್ಲಿ ತೂಕ ಸೇರಿಸಿ ಈ ಮೋಡ್‌ಗಳನ್ನ ಎಳೆದು ತಂದು ಪೂರ್ಣಸಂಖ್ಯೆಗಳ ಹತ್ತಿರ ಕೂರಿಸತ್ತೆ. ಅದಕ್ಕೇ ತಬಲಾ ಡೋಲಿನ ಹಾಗೆ 'ಧಬ್' ಅನ್ನದೆ 'ಸಾ' ಹಾಡತ್ತೆ. ಇದನ್ನ 1920ರಲ್ಲಿ ಜಗತ್ತಿಗೆ ತೋರಿಸಿದವರೂ ರಾಮನ್ನೇ. ಲೆಕ್ಕ ಗೊತ್ತಿಲ್ಲದೇ ಬರೀ ಕಿವಿಯಿಂದ ಇದನ್ನ ಕಂಡುಹಿಡಿದ ಆ ಹಳೇ ಕುಶಲಕರ್ಮಿಗಳಿಗೆ ಯಾವ ಡಿಗ್ರಿ ಕೊಡೋಣ?

ಪಾಠ 5: ಮುಕ್ಕಾಲು ಗಂಟೆಯ ನಕ್ಷೆ

ಈಗ ದೊಡ್ಡ ರೆಕಾರ್ಡಿಂಗ್‌ಗೆ ಬನ್ನಿ. ಖಯಾಲಿನ ನಕ್ಷೆ ಹೆಚ್ಚು ಕಡಿಮೆ ಹೀಗಿರತ್ತೆ. ಮೊದಲು ತಬಲಾ ಇಲ್ಲದೆ ಒಂದೆರಡು ನಿಮಿಷ ಆಲಾಪ, ರಾಗದ ಪರಿಚಯ. ಆಮೇಲೆ ತಬಲಾ ಸೇರಿ ನಿಧಾನದ 'ಬಡಾ ಖಯಾಲ್'. ಗಾಯಕರು ಕೆಳಗಿನ ಸ್ವರಗಳಿಂದ ಶುರುಮಾಡಿ ಒಂದೊಂದೇ ಸ್ವರ ತೆರೀತಾ ಮೇಲೆ ಹೋಗ್ತಾರೆ. ಇದಕ್ಕೆ 'ಬಢತ್' ಅಂತಾರೆ. ತಾರ ಷಡ್ಜ, ಅಂದರೆ ಮೇಲಿನ 'ಸಾ', ಮುಟ್ಟುವ ಗಳಿಗೆಯನ್ನ ಬೇಕಂತಲೇ ಮುಂದೂಡ್ತಾರೆ. ಅದು ಬಂದಾಗ ಮೈ ಜುಮ್ಮೆನ್ನೋದು ಹಿಂದಿನ ಇಪ್ಪತ್ತು ನಿಮಿಷ ಕಾದಿದ್ದಕ್ಕೆ. ನೇರ ಅಲ್ಲಿಗೇ ಸ್ಕಿಪ್ ಮಾಡಿ ಕೇಳಿದರೆ ಅದು ಬರೀ ಒಂದು ಎತ್ತರದ ಸ್ವರ. ನಂತರ ವೇಗ ಹೆಚ್ಚಿ ತಾನುಗಳು, ಕೊನೆಗೆ ಹತ್ತು ನಿಮಿಷದ ಚುರುಕಾದ 'ಛೋಟಾ ಖಯಾಲ್'.

ನಮ್ಮ ಅಜ್ಜ ಹುಬ್ಬಳ್ಳಿಯವರು. ನಾನು ಪಕ್ಕದಲ್ಲಿ ಕೂತು ಕಾಲು ಅಲ್ಲಾಡಿಸ್ತಿದ್ದರೆ ಅವರು ಹೇಳ್ತಿದ್ದ ಮಾತು: "ತಮ್ಮಾ, ಅವಸರ ಮಾಡಬ್ಯಾಡ. ಅವರಿನ್ನೂ ಬಾಗಲಾ ತಗದಿಲ್ಲ." ಬಢತ್ ಅಂದ್ರೇನು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ವ್ಯಾಖ್ಯಾನ ನನಗೆ ಇನ್ನೂ ಸಿಕ್ಕಿಲ್ಲ.

ಪಾಠ 6: ಮೂರು ದನಿ, ಮೂರು ದಾರಿ

ಭೀಮಸೇನ ಜೋಶಿ (1922–2011): ಕಿರಾನಾ ಘರಾಣೆಯ ನಿಧಾನದ ಸ್ವರ ಸ್ವರದ ಬಢತ್, ಅದರ ಮೇಲೆ ಸಿಡಿಲಿನಂಥ ತಾನು. ಒಂದೇ ಉಸಿರಲ್ಲಿ ಎಷ್ಟು ದೂರ ಹೋಗ್ತಾರೆ ಅಂತ ಗಮನಿಸಿ, ಸಾಧ್ಯವಾದರೆ ಜೊತೆಗೆ ನೀವೂ ಉಸಿರು ಹಿಡಿದು ನೋಡಿ. ಶುದ್ಧ ಕಲ್ಯಾಣ್, ಮುಲ್ತಾನಿ, ಪೂರಿಯಾ ಧನಾಶ್ರೀ ಯಾವುದರಿಂದಲಾದರೂ ಶುರು ಮಾಡಬಹುದು.

ಗಂಗೂಬಾಯಿ ಹಾನಗಲ್ (1913–2009): ಇವರೂ ಸವಾಯಿ ಗಂಧರ್ವರ ಶಿಷ್ಯೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತವರು. ಇವರ ಆರಂಭದ 78ರ ತಟ್ಟೆಗಳಲ್ಲಿ ತೆಳುವಾದ ಎಳೆಯ ದನಿ ಇದೆ. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಪೂರ್ತಿ ಬದಲಾಯಿತು, ಗಂಡಸರ ದನಿಯ ಹಾಗೆ ಆಳವಾಯಿತು. ಬೇರೆಯವರಾಗಿದ್ದರೆ ಹಾಡೋದನ್ನೇ ಬಿಡ್ತಿದ್ದರೇನೋ. ಅವರು ಆ ಹೊಸ ದನಿಯಲ್ಲೇ ಇನ್ನೂ ಹಲವು ದಶಕ ಹಾಡಿದರು. ಎರಡೂ ಕಾಲದ ರೆಕಾರ್ಡ್ ಪಕ್ಕಪಕ್ಕ ಇಟ್ಟು ಕೇಳಿ. ರೆಕಾರ್ಡಿಂಗ್ ಅನ್ನೋದು ಇಲ್ಲದಿದ್ರೆ ಈ ಹೋಲಿಕೆ ನಮಗೆ ಸಿಗ್ತಾನೇ ಇರಲಿಲ್ಲ.

ಮಲ್ಲಿಕಾರ್ಜುನ ಮನ್ಸೂರ್: ಮೊದಲು ಗ್ವಾಲಿಯರ್ ಪದ್ಧತಿಯಲ್ಲಿ ಕಲಿತು, ಆಮೇಲೆ ಜೈಪುರ-ಅತ್ರೌಲಿ ಘರಾಣೆಯ ಮಂಜಿ ಖಾನ್ ಮತ್ತು ಬುರ್ಜಿ ಖಾನರಲ್ಲಿ ಕಲಿತವರು. ಅವಸರ ಜಾಸ್ತಿ ಇರೋ ನಮ್ಮಂಥವರಿಗೆ ಹೇಳಿ ಮಾಡಿಸಿದ ಗಾಯಕ. ಇವರು ಹೆಚ್ಚು ಹೊತ್ತು ಹೊಸ್ತಿಲಲ್ಲಿ ನಿಲ್ಲಲ್ಲ. ಮೊದಲ ಸುತ್ತಿನಿಂದಲೇ ತಾಳದ ಜೊತೆ ಹೆಣೆದುಕೊಂಡು ಹೊರಟುಬಿಡ್ತಾರೆ. ಲಲಿತಾ ಗೌರಿ, ಖಟ್, ಶಿವಮತ ಭೈರವದಂಥ ಅಪರೂಪದ ರಾಗಗಳು ಇವರಿಗೆ ನಾಲಿಗೆ ತುದಿಯಲ್ಲಿ. ಎಷ್ಟೋ ರೆಕಾರ್ಡಿಂಗ್ ಇಪ್ಪತ್ತು ನಿಮಿಷದೊಳಗೆ ಮುಗಿಯತ್ತೆ. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಕನ್ನಡದಲ್ಲೇ ಇದೆ.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಕರ್ನಾಟಕ ಸಂಗೀತ ಹತ್ತಿರ ಅನ್ನಿಸಿದರೆ ಅಲ್ಲಿಂದಲೇ ಶುರು ಮಾಡಿ. ಶ್ರುತಿ ಹಿಡಿಯೋದು, ತಾಳ ಹುಡುಕೋದು, ಒಂದೇ ರಾಗವನ್ನ ಇಬ್ಬರಲ್ಲಿ ಹೋಲಿಸೋದು ಅಲ್ಲೂ ಹೀಗೇ. ಅಲ್ಲಿ ಜೊತೆಯಲ್ಲಿ ಕೂತವರು ತೊಡೆ ಮೇಲೆ ತಾಳ ಹಾಕ್ತಾನೇ ಇರ್ತಾರೆ, ಅವರ ಕೈ ನೋಡಿ ಕಲಿಯಬಹುದು.

ಪಾಠ 7: ಎದುರು ಕೂತು ಕೇಳೋದು

ರೆಕಾರ್ಡಿಂಗ್‌ಗೆ ಯಾವಾಗಲೂ ಒಂದು ಗೋಡೆ ಇರತ್ತೆ. 78ಕ್ಕೆ ಮೂರು ನಿಮಿಷ, ಎಲ್‌ಪಿಗೆ ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ, ರೇಡಿಯೋಗೆ ಅದರ ಟೈಂ ಸ್ಲಾಟ್. ಕಚೇರಿಯಲ್ಲಿ, ನಮ್ಮ ಉತ್ತರದವರ ಮಾತಲ್ಲಿ ಬೈಠಕ್‌ನಲ್ಲಿ, ಗೋಡೆ ಇಲ್ಲ. ಕೇಳುವವರ ಮುಖ ನೋಡಿ ಗಾಯಕರು ಒಂದು ಜಾಗದಲ್ಲಿ ಇನ್ನೂ ಐದು ನಿಮಿಷ ನಿಲ್ತಾರೆ. ತಬಲಾದವರ ಕಡೆ ತಿರುಗಿ ನಗ್ತಾರೆ. ಇದ್ಯಾವುದೂ ಆಡಿಯೋ ಫೈಲಿನಲ್ಲಿ ಬರಲ್ಲ.

ಎಲ್ಲಿ ಹೋಗೋದು? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೀತಾ ಬಂದಿದೆ. 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜ ಇದೆ. ದಸರಾದಲ್ಲಿ ಮೈಸೂರು ಅರಮನೆ ಮುಂದೆ ಕಚೇರಿ. ಡಿಸೆಂಬರಿನಲ್ಲಿ ಪುಣೆಗೆ ಹೋಗುವ ಯೋಗ ಬಂದರೆ ಸವಾಯಿ ಗಂಧರ್ವ ಉತ್ಸವ. ಹೆಸರು ಕುಂದಗೋಳದವರದು, 1953ರಿಂದ ಅದನ್ನ ನಡೆಸಿ ಬೆಳೆಸಿದವರು ರೋಣದಲ್ಲಿ ಹುಟ್ಟಿದವರು, ಜಾಗ ಮಾತ್ರ ಪುಣೆ. ಇನ್ನು ಕಾಲೇಜುಗಳಿಗೆ ಸ್ಪಿಕ್ ಮೆಕೆ ಇದ್ದೇ ಇದೆ. ಇದನ್ನ 1977ರಲ್ಲಿ ಶುರು ಮಾಡಿದ ಕಿರಣ್ ಸೇಠ್ ಐಐಟಿ ದೆಹಲಿಯಲ್ಲಿ ಪ್ರೊಫೆಸರ್ ಆಗಿದ್ದವರು. ಇಂಜಿನಿಯರಿಂಗ್ ಹುಡುಗರಿಗೆ ಇದೆಲ್ಲ ಯಾಕೆ ಅನ್ನೋರಿಗೆ ಅವರೇ ಉತ್ತರ.

ಹೋದರೆ ಮುಂದಿನ ಸಾಲುಗಳ ಪಕ್ಕಕ್ಕೆ, ತಬಲಾದವರ ಕೈ ಕಾಣೋ ಕಡೆ ಕೂರಿ. ಹಾಡು ನಡೀವಾಗ ಎದ್ದು ಹೋಗಬೇಡಿ, ಒಂದು ರಾಗ ಮುಗಿಯೋವರೆಗೆ ಕಾಯಿರಿ. ಮೊಬೈಲ್ ಜೇಬಲ್ಲಿರಲಿ. ಚೆನ್ನಾಗಿದೆ ಅನ್ನಿಸಿದ ಕಡೆ 'ಆಹಾ' ಅನ್ನೋಕೆ ನಾಚಿಕೆ ಬೇಡ, ಅದು ಕಚೇರಿಯ ಭಾಗವೇ.

ಪಾಠ 8: ಮನೆಯ ಅಟ್ಟದ ಮೇಲಿನ ಕ್ಯಾಸೆಟ್ಟುಗಳು

ಇದನ್ನ ದಯವಿಟ್ಟು ಓದದೇ ಬಿಡಬೇಡಿ. ಕಂಪನಿಗಳು ಹೊರತಂದ ರೆಕಾರ್ಡುಗಳು ಎಲ್ಲೋ ಒಂದು ಕಡೆ ಉಳಿದಿರತ್ತೆ. ಆದರೆ ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಆಮೇಲೆ ಮನೆಗಳಿಗೆ ಟೇಪ್ ರೆಕಾರ್ಡರ್ ಬಂತು. ರೇಡಿಯೋ ಪಕ್ಕ ಅದನ್ನ ಇಟ್ಟು, ಊರಿನ ಕಚೇರಿಯಲ್ಲಿ ಮುಂದೆ ಕೂತು, ಎಷ್ಟೋ ಜನ ತುಂಬಿಸಿಕೊಂಡ ಕ್ಯಾಸೆಟ್ಟುಗಳಿಗೆ ಎರಡನೇ ಪ್ರತಿ ಇರಲ್ಲ. ಕ್ಯಾಸೆಟ್ ಅಂದ್ರೆ ಪ್ಲಾಸ್ಟಿಕ್ ಪಟ್ಟಿಗೆ ಅಂಟಿಸಿದ ಕಾಂತೀಯ ಪುಡಿ. ತೇವಕ್ಕೆ ಬೂಸ್ಟು ಹಿಡಿಯತ್ತೆ, ಅಂಟು ಬಿಡತ್ತೆ. ಅದು ಹೋದ ಮೇಲೆ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಅಜ್ಜ ಬಿಟ್ಟು ಹೋದ ಡಬ್ಬಿಯಲ್ಲಿ 23 ಕ್ಯಾಸೆಟ್ ಇದ್ದವು. ಕಳೆದ ರಜೆಯಲ್ಲಿ ಅವನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿದೆ. ಒಂದರ ಮೇಲೆ ಅವರ ಅಕ್ಷರದಲ್ಲಿ ಬರೀ "ರಾತ್ರಿ ಬೈಠಕ್, ಬಿ ಬಾಜೂ ಅರ್ಧ" ಅಂತಿದೆ. ರಾಗದ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಹಾಸ್ಟೆಲ್‌ನಲ್ಲಿ ಮೂರು ಜನ ಕೂತು, ಮೇಲೆ ಹೇಳಿದ ರೀತಿಯಲ್ಲೇ 'ಸಾ' ಹಿಡಿದು, ಯಾವ ಸ್ವರ ಬಿಟ್ಟಿದಾರೆ, ಎಲ್ಲಿ ನಿಲ್ತಾರೆ ಅಂತ ಪಟ್ಟಿ ಮಾಡಿದ್ವಿ. ಪಂಚಮ ಇಲ್ಲ, ಮಂದ್ರದಲ್ಲಿ ವಾಸ, ಗಾಂಧಾರ-ನಿಷಾದದ ಆಸರೆ. ಪೂರಿಯಾ! ನಮ್ಮ ಖುಷಿಗೆ ಪಕ್ಕದ ರೂಮಿನವರು ಬಾಗಿಲು ಬಡಿದರು. ಹಾಡಿದ್ದು ಯಾರು ಅಂತ ಮಾತ್ರ ಇನ್ನೂ ಗೊತ್ತಾಗಿಲ್ಲ. ಅಲ್ಲಿ ಮಧ್ಯದಲ್ಲಿ ಒಮ್ಮೆ ಅಜ್ಜನ ಕೆಮ್ಮು ಕೇಳಿಸತ್ತೆ. ಅವರನ್ನ ಕೇಳಿದ್ದರೆ ಒಂದು ಸೆಕೆಂಡಲ್ಲಿ ಹೇಳ್ತಿದ್ದರು. ಈಗ ಮನೇಲಿ ಹೇಳೋರು ಯಾರೂ ಇಲ್ಲ. ನಿಮ್ಮ ಮನೇಲಿ ಹೇಳೋರು ಇನ್ನೂ ಇದ್ದರೆ ಈ ಭಾನುವಾರವೇ ಫೋನ್ ಮಾಡಿ.

ಇಳಿಸುವ ಕ್ರಮ:

1. ಮೊದಲು ಕ್ಯಾಸೆಟ್ಟನ್ನ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ, ಸುರುಳಿ ಸಡಿಲವಾಗತ್ತೆ. ಬೂಸ್ಟು ಕಂಡರೆ ಹಾಕಬೇಡಿ, ತಿಳಿದವರಿಗೆ ತೋರಿಸಿ.
2. ಪ್ಲೇಯರಿನ ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ.
3. ಲೈನ್ ಔಟ್ ಇದ್ದರೆ ಅದರಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ. ಸ್ಪೀಕರ್ ಮುಂದೆ ಮೊಬೈಲ್ ಹಿಡಿಯಬೇಡಿ.
4. ಆಡಾಸಿಟಿಯಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಲೆವೆಲ್ ಮೈನಸ್ 6 ಡಿಬಿ ದಾಟದಿರಲಿ. ಮೂಲ ಫೈಲಿನ ಮೇಲೆ ನಾಯ್ಸ್ ರಿಡಕ್ಷನ್ ಬೇಡ, ಬೇಕಿದ್ರೆ ಪ್ರತಿ ಮಾಡಿಕೊಂಡು ಮಾಡಿ.
5. ಕವರ್ ಮೇಲಿನ ಬರಹದ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿಡಿ.
6. ಮೋಟರ್ ವೇಗ ಪರೀಕ್ಷಿಸಿ. ವೇಗ ಶೇ. 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೆ ಹೋಗತ್ತೆ, 'ಸಫೇದ್ ಏಕ್' ಹಾಡಿದವರು 'ಕಾಲಿ ಏಕ್' ಆಗ್ತಾರೆ.

ಒಂದು ವಾರದ ಹೋಂವರ್ಕ್

ಸೋಮವಾರ ಒಂದು 78ರ ತಟ್ಟೆ, ಮೂರು ಸಲ. ಮಂಗಳವಾರ ಹತ್ತು ನಿಮಿಷ ಬರೀ ತಂಬೂರಿ. ಬುಧವಾರ ಮಧ್ಯಲಯದ ತೀನ್‌ತಾಲ್‌ನಲ್ಲಿ ಸಮ್ ಹುಡುಕೋದು. ಗುರುವಾರ ಮನ್ಸೂರರ ಒಂದು ರೆಕಾರ್ಡಿಂಗ್ ಪೂರ್ತಿ, ಸ್ಕಿಪ್ ಇಲ್ಲ. ಶುಕ್ರವಾರ ಭೂಪ್, ಕಿಶೋರಿ ಅಮೋಣಕರ್ ಅವರದು ಸಿಕ್ಕಿದರೆ ಅದೇ. ಶನಿವಾರ ಬೆಳಗ್ಗೆ ಯಾರದಾದರೂ ದೇಶ್‌ಕಾರ್, ಹಿಂದಿನ ದಿನದ ಭೂಪ್ ಜೊತೆ ಹೋಲಿಸೋಕೆ. ಭಾನುವಾರ ಭೀಮಸೇನ ಜೋಶಿ ಅವರ ಮುಕ್ಕಾಲು ಗಂಟೆ, ಲೈಟ್ ಆರಿಸಿ, ಮೊಬೈಲ್ ಮಗುಚಿಟ್ಟು.

ವಾರದ ಕೊನೆಗೂ ಏನೂ ಅನ್ನಿಸಲಿಲ್ಲ ಅಂದ್ರೆ ಬಿಟ್ಟುಬಿಡಿ, ಯಾರೂ ಅಟೆಂಡೆನ್ಸ್ ತಗೊಳ್ಳಲ್ಲ. ಏನೋ ಒಂದು ಸ್ವರ ಮನಸ್ಸಲ್ಲಿ ಉಳಿದು, ಲ್ಯಾಬ್ ನಡುವೆ ತಾನಾಗೇ ಬಾಯಿಗೆ ಬಂದರೆ ನೀವು ಒಳಗೆ ಬಂದಾಯ್ತು ಅಂತ ಅರ್ಥ. ಆಗ ಕನ್ನಡ ಸಂಘದ ಯಾರಿಗಾದರೂ ಹೇಳಿ. ವಾರಕ್ಕೊಂದು ಸಂಜೆ ಎಲ್ಲರೂ ಸೇರಿ ಒಂದು ರಾಗ ಪೂರ್ತಿ ಕೇಳೋಣ ಅಂತ ಯೋಚನೆ ಇದೆ. ನಿಮ್ಮ ಮನೆಯ ಕ್ಯಾಸೆಟ್ ಡಬ್ಬಿಯನ್ನೂ ಜೊತೆಗೆ ತನ್ನಿ. ಪ್ಲೇಯರ್ ನನ್ನ ಹತ್ತಿರ ಇದೆ.